ಚಾವಿಯ ಗಂಟೆ

೨ ಆಗಸ್ಟ್ ೧೯೯೯, ಸೋಮವಾರ

ಬೆಳಗಿನ ಬಸ್ಸು. ಕಲ್ಯಾಣದಿಂದ ಹುಮನಾಬಾದಿಗೆ ಅದೇ ಕಿಟಕಿ ಸೀಟು, ಅದೇ ಅಲುಗುವ ಗಾಜು. ಕಂಡಕ್ಟರ್ ಖಾಜಾ ಕೇಳಿದ, "ಎಲ್ಲಿಗ್ರಿ ಮಾಸ್ತರ್ರ?" ಎಲ್ಲಿಗೆಂದು ಅವನಿಗೆ ಗೊತ್ತು. ನಾನು ಏನಾದರೂ ಅನ್ನಲಿ ಅಂತಲೇ ಕೇಳುವುದು. "ಮನ್ಯಾಗ ಬರ್ಬಾದ, ದುಡ್ಯಾಕ ಹುಮನಾಬಾದ" ಅಂದೆ. ಹಿಂದಿನ ಸೀಟಿನವರೂ ನಕ್ಕರು. ಅರವತ್ತು ದಾಟಿದವನಿಗೆ ಬೆಳಿಗ್ಗೆ ಇಷ್ಟು ಸಿಕ್ಕರೆ ಬಿ.ಪಿ. ಗುಳಿಗೆ ಬೇಡ.

ಮುಂದೆ ಹೆಂಗಸರ ಸೀಟಿನಲ್ಲಿ ಆಮ್ರಪಾಲಿ. ಕೊಹಿನೂರದ ಜ್ಞಾನೇಶ್ವರನ ಮಗಳು. ಬಿ.ಎ. ಎರಡನೇ ವರ್ಷ. ಊರಿಂದ ಕತ್ತಲಲ್ಲೇ ಹೊರಟು ಕಲ್ಯಾಣದಲ್ಲಿ ಈ ಬಸ್ಸು ಹಿಡಿಯುತ್ತಾಳೆ. ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾಗಿದ್ದ ಕೊನೆಯ ವರ್ಷ ಇವಳು ಎಂಟನೇ ಕ್ಲಾಸು. ಆಗಲೇ ಓಟದಲ್ಲಿ ಗಾಳಿ. ರಿಟೈರ್ ಆದಮೇಲೆ ಹುಮನಾಬಾದಿನ ಈ ಕಾಲೇಜಿನವರು ಹುಡುಗಿಯರಿಗೆ ಆಟ ಕಲಿಸಲು ಕರೆದಾಗ ನಾನೇ ಇವಳನ್ನು ಇಲ್ಲಿಗೆ ಸೇರಿಸಿದೆ. ಇವಳಿಗಾಗಿಯೇ ಟೀಮು ಕಟ್ಟಿದೆ ಅಂದರೂ ಸರಿ.

ಕಾಲೇಜಿನಲ್ಲಿ ಗಲಾಟೆ. ಲೇಡೀಸ್ ರೂಮಿನ ಚಾವಿ ಮತ್ತೆ ಕಳೆದಿತ್ತು. ಹುಡುಗಿಯರಿಗೆ ಸಂಡಾಸು ಇರುವುದು ಅದೊಂದೇ, ಮೈದಾನದ ಆಚೆ ತುದಿಗೆ. ಬೀಗ ಹಾಕದಿದ್ದರೆ ಯಾರು ಯಾರೋ ನುಗ್ಗುತ್ತಾರೆ. ಹಾಗಾಗಿ ಚಾವಿ ನನ್ನ ಸ್ಪೋರ್ಟ್ಸ್ ರೂಮಿನ ಮೊಳೆಗೆ. ಬೇಕಾದವರು ಬಂದು ಒಯ್ಯಬೇಕು, ತಂದಿಡಬೇಕು. ಯಾರೋ ತಂದಿಟ್ಟಿಲ್ಲ. ಪ್ರಿನ್ಸಿಪಾಲ್ ಓಂಪ್ರಕಾಶ ಸಾಹೇಬರು ಪ್ಯೂನ್ ಮಹೆಬೂಬನೆದುರೇ ನನ್ನನ್ನು ತರಾಟೆಗೆ ತೆಗೆದುಕೊಂಡರು. "ಇನ್ನೊಮ್ಮೆ ಕಳೀತಂದ್ರ ಆ ರೂಮೇ ಬಂದ್ ಮಾಡಸ್ತೀನ್ರಿ ನಾಗನಾಥ ಸರ್."

ತಲೆ ಓಡಿತು. ಬಜಾರಿನಲ್ಲಿ ಮಚ್ಚೇಂದ್ರನ ಅಂಗಡಿ — ಎತ್ತಿನ ಹಗ್ಗ, ಮೂಗುದಾಣ, ಕೊರಳ ಗಂಟೆ. ಅಂಗೈ ತುಂಬುವ ಹಿತ್ತಾಳೆ ಗಂಟೆ ತಂದು ಚಾವಿಗೆ ಕಟ್ಟಿದೆ. ಇನ್ನು ಹೇಗೆ ಕಳೆಯುತ್ತದೋ ನೋಡುತ್ತೇನೆ.

ಮೊದಲು ಒಯ್ದವಳು ಪೂನಂ. ಟೀಮಿನ ಕ್ಯಾಪ್ಟನ್, ಇಲ್ಲಿನ ಬಟ್ಟೆ ಅಂಗಡಿಯವರ ಮಗಳು. ಮೈದಾನ ದಾಟುವ ತನಕ ಟಣ್ ಟಣ್ ಟಣ್. ಬೇವಿನ ಕಟ್ಟೆ ಮೇಲೆ ಕೂತಿದ್ದ ಹುಡುಗನೊಬ್ಬ ಕೂಗಿದ — "ಎಷ್ಟ ಗಂಟಿ ಆತ್ರಿ?"

ನಕ್ಕು ನಕ್ಕು ಪಕ್ಕೆ ಹಿಡಿಯಿತು. ಈ ಮಾತು ನನಗೇ ಹೊಳೆಯಬೇಕಿತ್ತು. ಹುಡುಗನಿಗೆ ಭವಿಷ್ಯ ಇದೆ.

೫ ಆಗಸ್ಟ್, ಗುರುವಾರ

ಜ್ಞಾನೇಶ್ವರ ಕಲ್ಯಾಣದ ಬಸ್‌ಸ್ಟ್ಯಾಂಡಿನಲ್ಲಿ ಕಾದಿದ್ದ. ಮಗಳು ಬಸ್ ಹತ್ತಿ ಕೂತಮೇಲೆ ನನ್ನನ್ನು ಪಕ್ಕಕ್ಕೆ ಕರೆದ.

"ಮಾಸ್ತರ್ರ, ಮಂದಿ ಕೇಳಾಕತ್ತಾರ. ಹುಡುಗಿನ್ನ ಇನ್ನ ಎಷ್ಟ ದಿನ ಓಡಸ್ತಿ ಅಂತ."

"ಓಡಸಾವ ನಾನು. ನಿನಗ್ಯಾಕ ದಮ್ಮ ಹತ್ತೇದ?"

ನಗಲಿಲ್ಲ. ಅವನ ಕೂಡ ಚೇಷ್ಟೆ ನಡೆಯುವುದಿಲ್ಲ. ಕೂಲಿ ಮಾಡಿ ಮಗಳನ್ನು ಓದಿಸುತ್ತಿದ್ದಾನೆ, ನಗಲು ಎಲ್ಲಿ ಪುರಸೊತ್ತು. ಕೊನೆಗೆ ಒಂದು ಮಾತಿಗೆ ಬಂದೆವು. ಸೆಪ್ಟೆಂಬರ್ ಕೊನೆಗೆ ಗುಲ್ಬರ್ಗದಲ್ಲಿ ಇಂಟರ್-ಕಾಲೇಜ್ ಖೋ-ಖೋ. ಅಲ್ಲಿ ಯೂನಿವರ್ಸಿಟಿ ಟೀಮಿಗೆ ಆರಿಸಿ ಬಂದರೆ ಓದು, ಆಟ, ಆಮೇಲೆ ಪಿ.ಟಿ. ಟೀಚರ್ ಕೋರ್ಸು — ಅವನ ತಕರಾರಿಲ್ಲ. ಬರದಿದ್ದರೆ ಆಟ ಬಂದ್. ಬೇಸಿಗೆಗೆ ಮದುವೆ.

"ಬರ್ತಾಳ. ಬರದೇ ಎಲ್ಲಿ ಹೋಗ್ತಾಳ" ಅಂದೆ.

ಬರುತ್ತಾಳೆ. ಇವತ್ತು ಸಂಜೆ ಕಂಬದ ಹತ್ತಿರ ತಿರುಗಿದ್ದನ್ನು ನೋಡಿದೆ. ಒಂದು ಕೈ ಕಂಬಕ್ಕೆ, ಮೈ ಪೂರ್ತಿ ಗಾಳಿಯಲ್ಲಿ. ಮೂವತ್ತು ವರ್ಷ ಪಿ.ಟಿ. ಮಾಡಿದ್ದೇನೆ, ಇಂಥದ್ದು ಕಂಡಿಲ್ಲ.

೧೧ ಆಗಸ್ಟ್, ಬುಧವಾರ

ಮಜಾ. ಬೆಳಿಗ್ಗೆ ಚಾವಿ ಮುಟ್ಟಿದೆ, ಗಂಟೆ ಮೂಕ. ತಿರುಗಿಸಿ ನೋಡಿದರೆ ಒಳಗೆ ಬಟ್ಟೆ ತುರುಕಿದ್ದಾರೆ. ಹಳದಿ ಬಟ್ಟೆ, ಬಿಗಿಯಾಗಿ, ನಾಲಗೆ ಅಲುಗದ ಹಾಗೆ.

ಅಂದರೆ ಹುಡುಗಿಯರು ನನಗೇ ತಿರುಮಂತ್ರ ಹಾಕಿದ್ದಾರೆ. ಖುಷಿಯಾಯಿತು. ಚೇಷ್ಟೆ ಮಾಡಿದವನಿಗೆ ಚೇಷ್ಟೆಯಲ್ಲೇ ಉತ್ತರ ಸಿಗುವುದು ಪುಣ್ಯ. ಬಟ್ಟೆ ಕಿತ್ತು ಬಿಸಾಕಿದೆ. ಮಧ್ಯಾಹ್ನ ಮಚ್ಚೇಂದ್ರನ ಅಂಗಡಿಗೆ ಹೋಗಿ ಇನ್ನೂ ದೊಡ್ಡದು ತಂದೆ. "ಮಾಸ್ತರ್ರ, ಎಷ್ಟ ಎತ್ತ ಸಾಕೀರಿ?" ಅಂದ. "ಎತ್ತಲ್ಲೋ, ಎತ್ತರದ ವಿದ್ಯಾಭ್ಯಾಸ" ಅಂದೆ.

ಸಂಜೆ ಲೈನಿನಲ್ಲಿ ನಿಲ್ಲಿಸಿ ಹೊಸ ಗಂಟೆ ತೋರಿಸಿದೆ. "ಯಾರ ಕೆಲಸ ಅದು? ಶಭಾಷ್ ಅನ್ನಬೇಕಾಗೇದ" ಅಂದೆ. ಯಾರೂ ಬಾಯಿಬಿಡಲಿಲ್ಲ. ಆಮ್ರಪಾಲಿ ನೆಲ ನೋಡುತ್ತಿದ್ದಳು. ಪೂನಂ ಅವಳನ್ನು ನೋಡುತ್ತಿದ್ದಳು. ಬಿಗಿ ಹುಡುಗಿಯರು, ಗುಟ್ಟು ಬಿಡುವುದಿಲ್ಲ. ಟೀಮ್ ಅಂದರೆ ಹೀಗಿರಬೇಕು.

೧೭ ಆಗಸ್ಟ್, ಮಂಗಳವಾರ

ಮಳೆ ಹಿಂದೆ ಸರಿದಿದೆ. ಬಿಸಿಲು ಬೇಸಿಗೆಯ ಹಾಗೆ. ಪ್ರಾಕ್ಟೀಸು ಅರ್ಧಕ್ಕೆ ನಿಂತಿತು. ಒಬ್ಬಳಿಗೆ ಮೀನಖಂಡ ಹಿಡಿಯಿತು, ಇನ್ನೊಬ್ಬಳು ತಲೆ ಸಿಡಿಯುತ್ತದೆ ಅಂತ ಕೂತಳು. ಪೂನಂ ಮುಖ ಬಿಳುಪು. "ಏನವಾ, ಪೂನಂ ಅಂದ್ರ ಹುಣ್ಣಿಮಿ. ನಿನ್ನ ಮಾರಿ ಮ್ಯಾಲ ಅಮಾಸಿ ಬಂದದಲ್ಲ" ಅಂದೆ. ಆಮ್ರಪಾಲಿಯ ತುಟಿ ಒಡೆದು ಗೆರೆ ಗೆರೆ.

"ನೀರ ಕುಡೀರಿ" ಅಂದೆ. ಸ್ಪೋರ್ಟ್ಸ್ ರೂಮಿನ ಮೂಲೆಯಲ್ಲಿ ಮಣ್ಣಿನ ಹರವಿ ಇದೆ, ಮಹೆಬೂಬ ಬೆಳಿಗ್ಗೆ ತುಂಬಿಸುತ್ತಾನೆ. ಮುಚ್ಚಳ ತೆಗೆದರೆ ಬೆಳಿಗ್ಗೆ ತುಂಬಿದಷ್ಟೂ ಹಾಗೇ.

ಲೆಕ್ಚರು ಕೊಟ್ಟೆ. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತ ಗಟ್ಟಿ, ಕಾಲು ಸೀಸ, ಕಣ್ಣು ಕತ್ತಲು. "ನೀರೆಯರೇ, ನೀರಿಗೆ ಯಾಕ ಮುನಿಸು? ಹೆಸರಿನ್ಯಾಗೇ ನೀರ ಇಟ್ಕೊಂಡೀರಿ" ಅಂದೆ. ಇದು ನನ್ನ ಒಳ್ಳೆಯ ಮಾತುಗಳಲ್ಲಿ ಒಂದು ಅಂತ ನನಗೆ ಅನ್ನಿಸಿತ್ತು. ಒಬ್ಬಳ ಹಲ್ಲೂ ಕಾಣಲಿಲ್ಲ.

ಎದುರಿಗೆ ನಿಂತು ಒಬ್ಬೊಬ್ಬರಿಗೆ ಗ್ಲಾಸು ಕೊಟ್ಟೆ. ತುಟಿಗೆ ಇಟ್ಟರು. ಆಮೇಲೆ ನೋಡಿದರೆ ಗೋಡೆಯ ಹಿಂದೆ ಮಣ್ಣು ಒದ್ದೆ. ಬಾಯಲ್ಲಿ ಹಿಡಿದುಕೊಂಡು ಹೋಗಿ ಉಗುಳಿದ್ದಾರೆ.

ಯಾಕೆ? ತಿಳಿಯಲಿಲ್ಲ.

೨೩ ಆಗಸ್ಟ್, ಸೋಮವಾರ

ತಿಳಿಯಿತು ಅಂದುಕೊಂಡೆ. ಶ್ರಾವಣ ಸೋಮವಾರ, ಉಪವಾಸ. ಅದಕ್ಕೇ. "ಶಿವ ತಲೀ ಮ್ಯಾಲ ಗಂಗಿನ್ನ ಕೂಡಿಸಿಕೊಂಡಾನ, ನೀವು ಒಂದ ಗ್ಲಾಸ ಕುಡಿದ್ರ ಸಿಟ್ಟಾಗ್ತಾನೇನು?" ಅಂದೆ.

ಪೂನಂ ಸಣ್ಣಗೆ ಹೇಳಿದಳು, "ಸರ್, ಆಮ್ರಪಾಲಿಗಿ ಯಾವ ಸೋಮವಾರ್ರಿ?"

ಹೌದು. ಬೌದ್ಧರ ಮನೆಯ ಹುಡುಗಿ. ಅವಳಿಗೆ ಶ್ರಾವಣ ಇಲ್ಲ, ಉಪವಾಸ ಇಲ್ಲ. ಆದರೂ ಕುಡಿಯುವುದಿಲ್ಲ. ಬಸ್ಸಿನಲ್ಲಿ ಕೇಳಿದೆ, ಬೆಳಿಗ್ಗೆ ಮನೆಯಲ್ಲಿ ಏನು ಕುಡಿದು ಬರುತ್ತೀ ಅಂತ.

"ಚಾ ಅರ್ಧಾ ಕಪ್ಪ ರಿ."

"ಆಮ್ಯಾಲ?"

"ಸಂಜೀಗಿ ಮನಿಗಿ ಹೋಗಿ ಕುಡೀತೀನ್ರಿ. ರೂಢಿ ಆಗೇದ್ರಿ ಸರ್."

ರೂಢಿ ಅಂತೆ. ಒಂಟೆಗೂ ಹೀಗೆ ರೂಢಿಯಾಗಿರುವುದಿಲ್ಲ ಅಂದೆ. ಕಿಟಕಿ ಕಡೆ ತಿರುಗಿದಳು.

೨೭ ಆಗಸ್ಟ್, ಶುಕ್ರವಾರ

ಸಾಹೇಬರು ಮೆಚ್ಚಿಕೊಂಡರು. ಸ್ಟಾಫ್ ಮೀಟಿಂಗಿನಲ್ಲಿ ಎಲ್ಲರೆದುರು — "ನಾಗನಾಥ ಸರ್ ಬಂದೋಬಸ್ತ ಭಾರಿ ಅದ. ಚಾವಿ ಕಳದಿದ್ದೇ ಇಲ್ಲ."

ನಿಜ. ಕಳೆಯುವುದಿರಲಿ, ಮೊಳೆಯಿಂದ ಇಳಿಯುವುದೇ ಅಪರೂಪ. ಗಂಟೆಯ ಮೇಲೆ ಧೂಳು ಕೂತಿದೆ. ನನಗೆ ಸ್ವಲ್ಪ ಬೇಜಾರು — ಇಷ್ಟು ದೊಡ್ಡ ಗಂಟೆ ತಂದು ಬಾರಿಸುವವರೇ ಇಲ್ಲ. ಕಟ್ಟೆಯ ಹುಡುಗರೂ ಕಾದು ಕಾದು ಸೋತಿದ್ದಾರೆ. "ಸರ್, ನಿಮ್ಮ ಗಡಿಯಾರ ನಿಂತದೇನ್ರಿ?" ಅಂತ ಕೇಳುತ್ತಾರೆ.

೪ ಸೆಪ್ಟೆಂಬರ್, ಶನಿವಾರ

ಆಮ್ರಪಾಲಿ ಕಂಬದ ಹತ್ತಿರ ಬಿದ್ದಳು. ಜಾರಿದ್ದಲ್ಲ. ಓಡುತ್ತ ಓಡುತ್ತ ಕಾಲು ಮಡಿಸಿ ಕೂತಳು, ಹಾಗೇ ಅಡ್ಡವಾದಳು. ಎಬ್ಬಿಸಿದರೆ ಮೈ ಕೆಂಡ. ಸೊಂಟದ ಮೇಲೆ ಕೈ ಇಟ್ಟುಕೊಂಡು, "ಇಲ್ಲಿ ನೋಯ್ತದ್ರಿ" ಅಂದಳು. ಉಳುಕಿರಬೇಕು ಅಂತ ಪೂನಂ ಕೈಗೆ ಮುಲಾಮು ಕೊಟ್ಟು ಒಳಗೆ ಕಳಿಸಿದೆ.

ಬಸ್ಸಿನಲ್ಲಿ ಈ ಸೆಖೆಗೂ ನಡುಗುತ್ತಿದ್ದಳು. ಖಾಜಾ ತನ್ನ ಶಾಲು ಕೊಟ್ಟ. ಅವನೇ ನನ್ನನ್ನು ಕೇಳಿದ, "ಮಾಸ್ತರ್ರ, ಇವತ್ತ ಏನೂ ಅನ್ನವಲ್ರಿ?" ಕಲ್ಯಾಣದಲ್ಲಿ ಕೊಹಿನೂರದ ಜೀಪು ಹತ್ತಿಸಿದೆ. "ಸೋಮವಾರ ಬರ್ತೀನ್ರಿ ಸರ್. ಮೀಟ್ ಸನೇಕ ಬಂತಲ್ರಿ" ಅಂದಳು.

೮ ಸೆಪ್ಟೆಂಬರ್, ಬುಧವಾರ

ಸೋಮವಾರ ಬರಲಿಲ್ಲ. ನಿನ್ನೆ ಬರಲಿಲ್ಲ. ಇವತ್ತೂ ಇಲ್ಲ. ಖಾಜಾ ಅವಳ ಸೀಟಿಗೆ ಯಾರನ್ನೂ ಕೂರಿಸದೆ ಹೊರಡುವ ತನಕ ಕಾದ.

೧೦ ಸೆಪ್ಟೆಂಬರ್, ಶುಕ್ರವಾರ

ಕಲ್ಯಾಣದ ಆಸ್ಪತ್ರೆಯಲ್ಲಿ ಅಡ್ಮಿಟ್ ಮಾಡಿದ್ದಾರೆ ಅಂತ ಸುದ್ದಿ ಬಂತು. ಬಸ್ಸು ಬಿಟ್ಟು ಅತ್ತ ಹೋದೆ. ಕೈಗೆ ಸಲಾಯಿನ್. ಬಾಯಿಂದ ಒಲ್ಲೆ ಅಂದ ನೀರು ಸೂಜಿಯಿಂದ ಹನಿ ಹನಿ ಇಳಿಯುತ್ತಿತ್ತು. ಮುಖ ಇಷ್ಟೇ ಇಷ್ಟು.

ಡಾಕ್ಟರಮ್ಮ ಸಿಟ್ಟಿನಲ್ಲಿದ್ದರು. ಮೂತ್ರದ ಸೋಂಕು. ತಿಂಗಳಿಂದ ಇತ್ತಂತೆ, ಹೇಳಿಲ್ಲ. ಕಿಡ್ನಿಗೆ ಏರಿದೆ. "ದಿನಾ ಪೂರ್ತಿ ನೀರ ಕುಡಿಯಂಗಿಲ್ಲ, ಹೋಗಬೇಕಂದ್ರ ತಡಕೋತಾಳ. ಮ್ಯಾಲ ಬಿಸಿಲಾಗ ಓಟ. ಯಾರ್ರಿ ಇಕಿಗಿ ಆಟ ಕಲಿಸಾವ್ರು?"

"ನಾನ್ರಿ" ಅಂದೆ. ಅವರು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಪಕ್ಕದ ಮಂಚಕ್ಕೆ ಹೋದರು.

ಜ್ಞಾನೇಶ್ವರ ಗೋಡೆಗೆ ಒರಗಿ ಕೂತಿದ್ದ. ಎದ್ದ. "ಸಾಕ್ರಿ ಮಾಸ್ತರ್ರ ಆಟ. ಜೀವ ಉಳದ್ರ ಸಾಕು."

ಮನೆಗೆ ಬಂದೆ. ಹೆಂಡತಿ ಕಸ್ತೂರಿ ಜೋಳ ಹಸನು ಮಾಡುತ್ತ ಕೂತಿದ್ದಳು. ಎಲ್ಲ ಹೇಳಿದೆ. ಆ ಹುಡುಗಿ ನೀರಿಗೆ ಯಾಕೆ ಅಷ್ಟು ಹಟ ಮಾಡುತ್ತಾಳೋ, ಕಾಲೇಜಿನಲ್ಲಿ ಸಂಡಾಸು ಇದೆ, ಚಾವಿ ನನ್ನ ತಲೆ ಮೇಲೇ ತೂಗುತ್ತದೆ, ಕೇಳಿದರೆ ಕೊಡುವುದಿಲ್ಲವೇ ಅಂದೆ.

ಮೊರ ಕೆಳಗಿಟ್ಟಳು.

"ಕೇಳಬೇಕೇನು? ನಿಮಗ?"

"ಮತ್ತ ಯಾರಿಗಿ ಕೇಳ್ತಾರ?"

"ಲಗ್ನ ಆದಾಗಿಂದ ನಿಮ್ಮ ಕೂಡ ಎಷ್ಟ ಊರಿಗಿ ಬಸ್ಸಿನ್ಯಾಗ ಬಂದೀನಿ. ಒಂದ ಸಲ ಆದ್ರೂ ದಾರ್ಯಾಗ ನಾ ನೀರ ಕುಡಿದಿದ್ದ ನೋಡೀರೇನ್ರಿ?"

ನೆನಪು ಮಾಡಿಕೊಂಡೆ. ಪಂಢರಪುರ. ಸೊಲ್ಲಾಪುರ. ಅವಳ ತವರು. ನಾನು ಪ್ರತಿ ಸ್ಟ್ಯಾಂಡಿನಲ್ಲಿ ಇಳಿದು ಚಾ ಕುಡಿದು, ಗೋಡೆ ಕಡೆ ಹೋಗಿ ಬಂದು, ಇವಳಿಗೂ ಗ್ಲಾಸು ಹಿಡಿದರೆ ಒಲ್ಲೆ ಅನ್ನುತ್ತಿದ್ದಳು. ನೀರಡಿಕೆ ಆಗುವುದಿಲ್ಲ ಇವಳಿಗೆ ಅಂತ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದೆ.

"ನಾ ನಿಮ್ಮ ಹೆಂಡ್ತಿ, ನನಗೇ ಬಾಯಿ ಬರ್ತಿರಲಿಲ್ಲ. ಆ ಹುಡುಗ್ಯಾರು ಗಂಡಸ ಮಾಸ್ತರನ ಮುಂದ ನಿಂತು ಚಾವಿ ಕೊಡ್ರಿ ಅನಬೇಕು. ಅದಕ್ಕ ಮ್ಯಾಲ ನೀವು..." ನಿಲ್ಲಿಸಿದಳು. ಗಂಟೆಯ ಕಥೆ ಅವಳಿಗೆ ನಾನೇ ಹೇಳಿದ್ದೆ, ಆಗಸ್ಟಿನಲ್ಲಿ, ಹೊಟ್ಟೆ ಹಿಡಿದುಕೊಂಡು ನಗುತ್ತ. ಆಗ ಅವಳು ನಕ್ಕಿರಲಿಲ್ಲ ಅನ್ನುವುದು ಈಗ ನೆನಪಾಗುತ್ತಿದೆ.

೧೪ ಸೆಪ್ಟೆಂಬರ್, ಮಂಗಳವಾರ

ಗಣಪತಿ ರಜೆ ಮುಗಿದು ಕಾಲೇಜು. ಪೂನಂಳನ್ನು ಕರೆದೆ. ಬಾಗಿಲು ತೆರೆದೇ ಇಟ್ಟು, ಖುರ್ಚಿ ಹಾಕಿ ಕೂರಿಸಿ ಕೇಳಿದೆ. ತುಸು ಹೊತ್ತು ಉಗುರು ಕಚ್ಚಿದಳು. ಆಮೇಲೆ ಹೇಳಿದಳು.

"ಮದ್ಲೂ ಕಡಿಮಿನೇ ಹೋಗ್ತಿದ್ವಿ ಸರ್. ಗಂಟಿ ಬಂದಮ್ಯಾಲ ಯಾರೂ ಒಲ್ಲೆ ಅಂದ್ರು. ಹೋಗೋ ಮುಂದನೂ ಬಾರಸ್ತದ, ಬರೋ ಮುಂದನೂ. ಕಟ್ಟಿ ಮ್ಯಾಲ ಕುಂತವ್ರು ಯಾರ ಎಷ್ಟ ಹೊತ್ತ ಇದ್ರು ಅಂತ ಗಡಿಯಾರ ನೋಡ್ತಾರ್ರಿ. ಕ್ಲಾಸಿನ್ಯಾಗ ಕುಂತ್ರ ಹಿಂದಿಂದ ಟಣ್ ಟಣ್ ಅಂತಾರ."

"ಮತ್ತ ಆ ಬಟ್ಟಿ?"

"ಆಮ್ರಪಾಲಿ ರಿ. ಆಕಿಗಿ ದೂರ ಹೋಗೋದಿರ್ತದಲ್ರಿ, ತಡಕೊಳ್ಳಾಕ ಆಗಂಗಿಲ್ಲ ಅಂತ. ತನ್ನ ಓಢಣಿ ತುದಿ ಹರದು ತುಂಬಿದ್ಳು. ಇನ್ನ ಚಿಂತಿಲ್ಲ ಅಂತ ಅವತ್ತ ಎಲ್ಲಾರೂ ನೀರ ಕುಡಿದಿದ್ವಿ ಸರ್."

ಅವತ್ತು. ಮರುದಿನ ನಾನು ಕಿತ್ತು ಬಿಸಾಕಿದೆ. ಶಭಾಷ್ ಅನ್ನಬೇಕು ಅಂದೆ. ಇನ್ನೂ ದೊಡ್ಡದು ತಂದೆ.

ಪೂನಂ ಹೋದಮೇಲೆ ಗಂಟೆ ಬಿಚ್ಚಿದೆ. ನನ್ನದೇ ಗಂಟು, ಬಿಚ್ಚಲು ಹಲ್ಲು ಬೇಕಾಯಿತು.

೧೬ ಸೆಪ್ಟೆಂಬರ್, ಗುರುವಾರ

ಗಂಟೆ ಇಲ್ಲ, ಆದರೂ ಚಾವಿ ಮೊಳೆಯಲ್ಲೇ. ಇವತ್ತು ಒಂದು ಹುಡುಗಿ ಬಂದು ಬರಿ ಚಾವಿ ಒಯ್ದಳು. ಕಟ್ಟೆ ಮೇಲಿಂದ ನಾಲಗೆಯಲ್ಲೇ ಟಣ್ ಟಣ್. ಅರ್ಧ ಮೈದಾನಕ್ಕೆ ಹೋದವಳು ತಿರುಗಿ ಬಂದು ಚಾವಿ ಇಟ್ಟು ಹೋದಳು. ನಾನು ಹೊರಗೆ ಬಂದು ಹುಡುಗರಿಗೆ ಬೈದೆ. ನಗುತ್ತ ಕೇಳಿದರು, "ಸರ್, ನೀವೇ ಕಟ್ಟಿದ್ದಲ್ರಿ?"

ಚಾವಿ ತೆಗೆದುಕೊಂಡು ನಾನೇ ಮೈದಾನ ದಾಟಿದೆ.

ಬೀಗ ತೆಗೆದು ಬಾಗಿಲು ಖುಲ್ಲಾ ಬಿಟ್ಟೆ. ಚಾವಿಯೇ ಬೇಡ, ಕೇಳುವುದೇ ಬೇಡ. ಸಂಜೆಯೊಳಗೆ ಯಾರೋ ಒಳಗೆ ಹೊಕ್ಕು ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿದ್ದಾರೆ. ಏನು ಬರೆದಿದ್ದರು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನಾನೂ ಮಹೆಬೂಬನೂ ಕೂಡಿ ತೊಳೆದೆವು. ಸಾಹೇಬರು ಮತ್ತೆ ಬೀಗ ಹಾಕಿಸಿದರು.

೨೦ ಸೆಪ್ಟೆಂಬರ್, ಸೋಮವಾರ

ನಿನ್ನೆ ಭಾನುವಾರ. ಮಚ್ಚೇಂದ್ರನನ್ನು ಮನೆಯಿಂದ ಎಬ್ಬಿಸಿ ಅಂಗಡಿ ತೆಗೆಸಿದೆ. ಇದ್ದಬದ್ದ ಗಂಟೆಯೆಲ್ಲ ಚೀಲಕ್ಕೆ ತುಂಬಿದೆ. "ಈಗ ಖರೇನೇ ಹುಚ್ಚ ಹಿಡದದ ಮಾಸ್ತರಗ" ಅಂದ.

ಇವತ್ತು ಎಲ್ಲರಿಗಿಂತ ಮೊದಲು ಕಾಲೇಜು. ಮಹೆಬೂಬ ನನ್ನ ಕಡೆ. ಅವನ ಮಗಳೂ ಬರುವ ವರ್ಷ ಇಲ್ಲೇ ಸೇರುವವಳು. ಅವನ ಬಳಿ ಕಾಲೇಜಿನ ಚಾವಿಗೊಂಚಲು ಪೂರ್ತಿ ಇರುತ್ತದೆ. ಲೈಬ್ರರಿ ಚಾವಿಗೆ ಗಂಟೆ. ಲ್ಯಾಬಿಗೆ ಗಂಟೆ. ಸ್ಟಾಫ್ ರೂಮು, ಆಫೀಸು, ಗಂಡಸರ ಸಂಡಾಸು, ಸಾಹೇಬರ ಚೇಂಬರು. ಲೇಡೀಸ್ ರೂಮಿಗೂ ಒಂದು, ಎಲ್ಲದರಂಥದೇ. ತಂತಿಯಿಂದ ಬಿಗಿದೆವು, ಸುಲಭಕ್ಕೆ ಬಿಚ್ಚದ ಹಾಗೆ.

ಹತ್ತು ಗಂಟೆಗೆ ಕಾಲೇಜು ದನದ ಸಂತೆ. ಇಂಗ್ಲಿಷ್ ಲೆಕ್ಚರರ್ ಟಣ್ ಟಣ್ ಅಂತ ಸಂಡಾಸಿಗೆ ನಡೆದರು. ಕಟ್ಟೆಯ ಮೇಲಿಂದ ರೂಢಿಯ ಮೇಲೆ ಒಬ್ಬ ಕೂಗಿಬಿಟ್ಟ — "ಎಷ್ಟ ಗಂಟಿ ಆತ್ರಿ?" ಅವರು ನಿಂತು, ಕೈಗಡಿಯಾರ ನೋಡಿ, ಟೈಮು ಹೇಳಿ, ಅವನ ಹೆಸರು ಕೇಳಿ ಬರೆದುಕೊಂಡರು. ಆಮೇಲೆ ಕಟ್ಟೆ ಗಪ್‌ಚುಪ್.

ಸಾಹೇಬರು ಕರೆಸಿದರು. ಮೇಜಿನ ಮೇಲೆ ಅವರ ಚಾವಿ, ಗಂಟೆ ಸಮೇತ.

"ಏನ್ರಿ ಇದು ತಮಾಷಾ?"

"ಬಂದೋಬಸ್ತ ಸಾಹೇಬ್ರ. ಭಾರಿ ಅದ ಅಂತ ನೀವೇ ಅಂದಿದ್ರಿ. ಒಂದ ರೂಮಿಗೇ ಯಾಕ, ಕಾಲೇಜಿಗೇ ಇರಲಿ ಅಂತ."

"ನಾ ಇದನ್ನ ಹಿಡಕೊಂಡು ಮಂದಿ ಮುಂದ ಹ್ಯಾಂಗ ಅಡ್ಡಾಡಲ್ರಿ? ನಾಚಿಕಿ ಬರ್ತದ."

"ಹೌದ್ರಿ" ಅಂದೆ. "ನಾಚಿಕಿ ಬರ್ತದ."

ಗಂಟೆಯನ್ನು ಬೆರಳಿಂದ ಒಮ್ಮೆ ತಿರುಗಿಸಿದರು. ಅವರಿಗೂ ಮನೆಯಲ್ಲಿ ಹೆಣ್ಣುಮಕ್ಕಳಿದ್ದಾರೆ. "ಹದಿನೈದ ದಿನ" ಅಂದರು. "ಆಮ್ಯಾಲ ಎಲ್ಲಾ ಬಿಚ್ಚಸ್ರಿ. ಅಷ್ಟರಾಗ ಆಫೀಸಿನ ಮಗ್ಗಲ ಹೆಣ್ಮಕ್ಕಳಿಗಿ ಒಂದ ಸಂಡಾಸ ಕಟ್ಟಸಾಕ ಆಗ್ತದೇನ ನೋಡ್ತೀನಿ."

೨೪ ಸೆಪ್ಟೆಂಬರ್, ಶುಕ್ರವಾರ

ಮಧ್ಯಾಹ್ನ ಮಹೆಬೂಬ ಹರವಿ ಎರಡನೇ ಸಲ ತುಂಬಿದ. ತುಂಬುವಾಗ ನನ್ನನ್ನು ನೋಡಿದ.

ಚಾವಿ ಹೋಗುತ್ತದೆ, ಬರುತ್ತದೆ. ನಾನು ಹುಡುಗಿಯರು ಬರುವ ಹೊತ್ತಿಗೆ ಹೊರಗೆ ಹೋಗಿ ಸುಣ್ಣದ ಗೆರೆ ಹಾಕುತ್ತಿರುತ್ತೇನೆ. ಮೈದಾನದಲ್ಲಿ ಅಷ್ಟು ಗೆರೆ ಬೇಕಾಗಿಲ್ಲ.

೩೦ ಸೆಪ್ಟೆಂಬರ್, ಗುರುವಾರ

ಗುಲ್ಬರ್ಗದಿಂದ ವಾಪಸ್. ಎರಡನೇ ಸುತ್ತಿನಲ್ಲೇ ಸೋತೆವು. ಹುಡುಗಿಯರು ಚೆನ್ನಾಗಿಯೇ ಓಡಿದರು, ಯಾರಿಗೂ ಕಾಲು ಹಿಡಿಯಲಿಲ್ಲ. ಆದರೆ ಕಂಬದ ಹತ್ತಿರ ತಿರುಗುವವರಿಲ್ಲ. ಬೇರೆ ಕಾಲೇಜಿನ ಕೋಚ್ ಬಂದು ಕೇಳಿದ, "ಹೋದ ವರ್ಷದ ಆ ಉದ್ದನ್ನ ಹುಡುಗಿ ಎಲ್ರಿ?"

ಅವಳ ಹೆಸರು ಲಿಸ್ಟಿಗೆ ಹೋಗಲಿಲ್ಲ. ಜ್ಞಾನೇಶ್ವರನ ಜೊತೆ ಆಡಿದ ಮಾತು ಮುಗಿಯಿತು. ಬೇಸಿಗೆಗೆ ಮದುವೆ.

೧೭ ಅಕ್ಟೋಬರ್, ಭಾನುವಾರ

ಇಷ್ಟು ದಿನ ಏನೂ ಬರೆಯಲಿಲ್ಲ. ಇವತ್ತು ಕೊಹಿನೂರಕ್ಕೆ ಹೋದೆ.

ಜ್ಞಾನೇಶ್ವರ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಗಂಟೆಯ ಸಂಗತಿ ಮೊದಲಿಂದ ಕೊನೆಯ ತನಕ ಹೇಳಿದೆ. ಮಗಳು ಅವನಿಗೆ ಹೇಳಿರಲಿಲ್ಲ. ಹಗ್ಗ ಹೊಸೆಯುವುದು ನಿಂತಿತು.

"ಹಿರೇರು ನೀವು. ಎತ್ತಿನ ಕೊಳ್ಳಿಗಿ ಕಟ್ಟೂದು ಹೆಣ್ಮಕ್ಕಳ ಕೈಯಾಗ ಕೊಟ್ರಿ."

ಅಷ್ಟೇ ಅಂದ. ಬೈದಿದ್ದರೆ ತಿರುಗಿ ಬರಬಹುದಿತ್ತು.

ಓದನ್ನಾದರೂ ಬಿಡಿಸಬೇಡ ಅಂದೆ. ಹದಿನೈದು ದಿನ ಮುಗಿದಮೇಲೆ ಮಹೆಬೂಬ ಬೇರೆ ಚಾವಿಗಳ ಗಂಟೆ ಬಿಚ್ಚಲು ಹೋದರೆ, ಹೊಸ ಸಂಡಾಸು ಆಗುವ ತನಕ ಬೇಡ ಅಂತ ಲೆಕ್ಚರರುಗಳೇ ಅಂದದ್ದನ್ನು ಹೇಳಿದೆ. ಹೊಸ ಸಂಡಾಸಿಗೆ ಪಾಯ ತೋಡಿದ್ದನ್ನು ಹೇಳಿದೆ. ಕೇಳಿಸಿಕೊಂಡನೋ ಇಲ್ಲವೋ.

ಒಳಗಿಂದ ಆಮ್ರಪಾಲಿ ಬಂದಳು. ಸೊರಗಿದ್ದಾಳೆ. ತಾಟಿನಲ್ಲಿ ನೀರಿನ ಚೊಂಬು ಇಟ್ಟು ಮುಂದೆ ಹಿಡಿದಳು. ಇಷ್ಟು ವರ್ಷದಲ್ಲಿ ಈ ಮನೆಯ ಅಂಗಳಕ್ಕೆ ಎಷ್ಟೋ ಸಲ ಬಂದಿದ್ದೇನೆ, ನಿಂತೇ ಮಾತಾಡಿ ಹೋಗಿದ್ದೇನೆ. ಕೂತೆ. ಚೊಂಬು ಎತ್ತಿ ಪೂರ್ತಿ ಕುಡಿದೆ. ಅವಳು ನೋಡುತ್ತ ನಿಂತಿದ್ದಳು.

"ನೀ ಕುಡ್ಯಾಕತ್ತಿಯೋ ಇಲ್ಲೋ ಈಗ?"

"ಮನ್ಯಾಗ ಕುಡೀತೀನ್ರಿ" ಅಂದಳು.

ಜ್ಞಾನೇಶ್ವರ ಹಗ್ಗ ಮತ್ತೆ ಕೈಗೆತ್ತಿಕೊಂಡ. "ಬಿ.ಎ. ಮುಗಸಲಿ" ಅಂದ, ನನಗಲ್ಲ, ಹಗ್ಗಕ್ಕೆ. "ದೀಪಾವಳಿ ಆದಮ್ಯಾಲ ಬರ್ತಾಳ. ಆಟದ ಮಾತ ಮಾತ್ರ ಈಗ ಎತ್ತಬ್ಯಾಡ್ರಿ. ಡಾಕ್ಟರ್ ಏನಂತಾರ ನೋಡೂನು."

ಬರುವಾಗ ಆ ಚೊಂಬಿನ ನೀರು ದಾರಿಯಲ್ಲೇ ತನ್ನ ಲೆಕ್ಕ ಕೇಳಿತು. ಈ ವಯಸ್ಸಿಗೆ ತಡೆಯಲು ಆಗುವುದಿಲ್ಲ. ಡ್ರೈವರನಿಗೆ ಹೇಳಿದೆ. ಬಸ್ಸು ನಿಂತಿತು. ಇಳಿದು ಜಾಲಿ ಗಿಡದ ಮರೆಗೆ ಹೋಗಿ ಬಂದೆ. ಯಾರೂ ನಗಲಿಲ್ಲ, ಯಾರೂ ತಿರುಗಿಯೂ ನೋಡಲಿಲ್ಲ. ಹತ್ತುವಾಗ ಕಂಡೆ — ಹೆಂಗಸರ ಸೀಟಿನಲ್ಲಿ ಒಬ್ಬ ಮುದುಕಿ, ಮೊಣಕಾಲು ಬಿಗಿಹಿಡಿದು, ನೆಟ್ಟಗೆ ಮುಂದೆ ನೋಡುತ್ತ ಕೂತಿದ್ದಳು. "ತಾಯಿ, ಬಸ್ ನಿಂತದ ನೋಡ್ರಿ" ಅಂದೆ. ಕೇಳಿಸದವಳ ಹಾಗೆ ಕೂತಳು.

೧೫ ನವೆಂಬರ್, ಸೋಮವಾರ. ಮಧ್ಯಾಹ್ನ, ಸ್ಪೋರ್ಟ್ಸ್ ರೂಮಿನಲ್ಲೇ

ಬಂದಿದ್ದಾಳೆ. ಬೆಳಿಗ್ಗೆ ಖಾಜಾ ಅವಳನ್ನು ಕಂಡು, "ಮಾಸ್ತರ್ರ, ಈಗಾದ್ರೂ ಏನರ ಅನ್ರಿ" ಅಂದ. "ಎರಡ ಹುಮನಾಬಾದ ಕೊಡು" ಅಂದೆ. ಅಷ್ಟೇ ಹೊಳೆದದ್ದು. ಅವನಿಗೆ ಅದೇ ಸಾಕಾಯಿತು.

ಪ್ರಾಕ್ಟೀಸು ನೋಡಲು ಬಂದು ಗೋಡೆಗೆ ಒರಗಿ ನಿಂತಳು. ಚೀಲದಲ್ಲಿ ಬಾಟಲಿ. ಡಾಕ್ಟರು ಹೇಳಿದ್ದಾರೆ ಅಂತ ಕುಡಿದಳು. ಅರ್ಧ ಕುಡಿದು ನಿಂತಳು, ಮೈದಾನದ ಆಚೆ ನೋಡಿದಳು, ಉಳಿದದ್ದನ್ನೂ ಕುಡಿದಳು. ಪೂನಂ ಓಡಿ ಬಂದು ಕಂಬದ ಹತ್ತಿರ ಹೇಗೆ ತಿರುಗುವುದೋ ತೋರಿಸು ಅಂದಳು. "ಈಗ ಬ್ಯಾಡ" ಅಂದಳು. ಆದರೆ ಕೈ ಗಾಳಿಯಲ್ಲಿ ಕಂಬ ಹಿಡಿದು ತೋರಿಸುತ್ತಿತ್ತು.

ಹೊಸ ಸಂಡಾಸಿನ ಗೋಡೆ ಸೊಂಟದೆತ್ತರಕ್ಕೆ ಬಂದಿದೆ. ಅಲ್ಲಿಯ ತನಕ ಮೊಳೆ, ಚಾವಿ, ಗಂಟೆ. ಬೇರೆ ಹುಡುಗಿಯರು ಅದನ್ನು ಈಗ ಬೀಸಿಕೊಂಡೇ ಒಯ್ಯುತ್ತಾರೆ. ಕಟ್ಟೆಯವರು ತಲೆಯೆತ್ತುವುದಿಲ್ಲ.

ಈಗಷ್ಟೇ ಅವಳು ಬಾಗಿಲಿಗೆ ಬಂದಳು. "ಸರ್, ಚಾವಿ ರಿ." ಮೊದಲ ಸಲ ನನ್ನ ಮುಖ ನೋಡಿ ಕೇಳಿದಳು. ಮೊಳೆಯಿಂದ ತೆಗೆದು ಕೊಟ್ಟೆ. ಹೋದಳು.

ಸದ್ದಿಲ್ಲ.

ಬಾಗಿಲಿಗೆ ಬಂದು ನೋಡಿದೆ. ಬಿಸಿಲಲ್ಲಿ ಮೈದಾನ ದಾಟುತ್ತಿದ್ದಾಳೆ, ನಿಧಾನಕ್ಕೆ. ಬಲಗೈ ಎದೆಗೆ ಒತ್ತಿಕೊಂಡಿದ್ದಾಳೆ. ಮುಷ್ಟಿಯಲ್ಲಿ ಗಂಟೆಯ ನಾಲಗೆ.

ಕಟ್ಟೆಯ ಮೇಲೆ ಇವತ್ತು ಯಾರೂ ಇಲ್ಲ. ನಾಲಗೆ ಬಿಡು, ಬಾರಿಸಲಿ ಅಂತ ಕೂಗಿ ಹೇಳಲೇ ಅನ್ನಿಸಿತು. ಒಳಗೆ ಬಂದು ಕೂತು ಇದನ್ನು ಬರೆಯುತ್ತಿದ್ದೇನೆ, ಕಿವಿ ಮಾತ್ರ ಹೊರಗೆ. ಆಚೆ ಬಾಗಿಲು ತೆರೆದ ಸದ್ದಾಯಿತು. ಬೀಗ ಮತ್ತೆ ಬಿತ್ತು. ಬರುತ್ತಿದ್ದಾಳೆ. ಬರುವಾಗಲಾದರೂ —